ಕುಮಟೆ ಒಂದು ಕಾಲಕ್ಕೆ ಹುಬ್ಬಳ್ಳಿಯ ಬಂದರಾಗಿತ್ತೇ?

ಪ್ರಶ್ನೆ: ನಾನು ಶಿರಸಿಯವನು, ಕೆಲಸ ಹುಬ್ಬಳ್ಳಿಯಲ್ಲಿ. ಶಿರಸಿ–ಕುಮಟಾ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದಿದೆ. ನಮ್ಮ ಅಜ್ಜ, ಹಿಂದೆ ಹುಬ್ಬಳ್ಳಿ–ಧಾರವಾಡದ ಹತ್ತಿಯೆಲ್ಲ ಇದೇ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಿತ್ತು ಅಂತಿದ್ದರು. ಇದು ನಿಜವೇ? ನಿಜ ಆಗಿದ್ದರೆ ಆ ಬಂದರು ಯಾಕೆ ಬಿದ್ದುಹೋಯಿತು? ರಸ್ತೆ ದೊಡ್ಡದಾದರೆ ಕುಮಟೆಗೆ ಆ ದಿನಗಳು ಮತ್ತೆ ಬರಬಹುದೇ?

ಉತ್ತರ: ನಿಮ್ಮ ಅಜ್ಜ ಹೇಳಿದ್ದು ನಿಜ. ಹತ್ತಿ "ಎಲ್ಲ" ಅನ್ನೋದು ಸ್ವಲ್ಪ ಜಾಸ್ತಿಯಾಯಿತು, ಯಾಕಂದ್ರೆ ಬೆಳಗಾವಿ ಕಡೆಯ ಮಾಲು ಹೆಚ್ಚಾಗಿ ಈಗಿನ ಮಹಾರಾಷ್ಟ್ರ ಕರಾವಳಿಯ ವೆಂಗುರ್ಲೆಗೆ ಇಳಿಯುತ್ತಿತ್ತು. ಆದರೆ ಹುಬ್ಬಳ್ಳಿ, ಧಾರವಾಡ, ಗದಗ ಸುತ್ತಲಿನ ಎರೆ ಹೊಲದ ಹತ್ತಿಗೆ ರೈಲು ಬರುವ ತನಕ ಮುಖ್ಯ ಬಂದರು ಅಂದ್ರೆ ಕುಮಟೆಯೇ. ಎಷ್ಟರ ಮಟ್ಟಿಗೆ ಅಂದ್ರೆ, ಮುಂಬೈ ಮತ್ತು ಇಂಗ್ಲೆಂಡಿನ ವ್ಯಾಪಾರಿಗಳು ಧಾರವಾಡ ಸೀಮೆಯ ನಾಟಿ ಹತ್ತಿಯನ್ನು "ಕುಮಟಾ" ಅಂತಲೇ ಕರೆಯುತ್ತಿದ್ದರು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಅಲ್ಲಿನ ಮಳೆಗೆ, ಅಲ್ಲಿನ ಕೆಂಪುಕಲ್ಲಿನ ನೆಲಕ್ಕೆ ಅದು ಒಗ್ಗುವ ಬೆಳೆಯೂ ಅಲ್ಲ. ಬೆಳೆದದ್ದು ಎಲ್ಲೋ, ಹೆಸರು ಬಂದದ್ದು ಹಡಗು ಹತ್ತಿದ ಊರಿಂದ. ಬಂದರಿನ ವ್ಯಾಪಾರ ಮುಗಿದ ಎಷ್ಟೋ ವರ್ಷಗಳ ಮೇಲೂ ಕೃಷಿ ಇಲಾಖೆಯ ಕಾಗದಗಳಲ್ಲಿ ಆ ತಳಿ ಕುಮಟಾ ಅಂತಲೇ ಉಳಿಯಿತು.

ಬಂದರು ಯಾಕೆ ಬಿದ್ದಿತು ಅನ್ನುವ ಪ್ರಶ್ನೆಗೆ ಜನ ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತಾರೆ. ಒಂದು, ಬಂದರಿನಲ್ಲಿ ಹೂಳು ತುಂಬಿತು. ಇನ್ನೊಂದು, ರಸ್ತೆ ಹಾಳಾಯಿತು. ಎರಡರಲ್ಲೂ ಒಂದಿಷ್ಟು ನಿಜ ಇದ್ದರೂ ಕುಮಟೆಯ ಕತೆಗೆ ಅವು ಸಾಲುವುದಿಲ್ಲ. ಬಂದರು ಮೊದಲಿಂದಲೂ ಅಷ್ಟೇನೂ ಒಳ್ಳೆಯದಿರಲಿಲ್ಲ, ರಸ್ತೆಯಂತೂ ಒಳ್ಳೆಯದಿದ್ದ ಕಾಲವೇ ಕಡಿಮೆ. ಹಾಗಿದ್ದೂ ಊರು ಬೆಳೆಯಿತು. ಘಟ್ಟದ ಮೇಲಿಂದ ಬರುವ ಹೇರಿಗೆ ಬೇರೆ ಅಗ್ಗದ ದಾರಿ ಇರಲಿಲ್ಲ, ಅದಕ್ಕೇ ಬೆಳೆಯಿತು. ಅಂಥ ದಾರಿ ಸಿಕ್ಕ ದಿನ ಹೇರು ಆ ಕಡೆ ತಿರುಗಿತು. ನಾನು ಹೇಳಬೇಕಾದದ್ದು ಇಷ್ಟೇ, ಆದರೆ ಹೇಗೆ ತಿರುಗಿತು ಅನ್ನೋದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಮೊದಲು ನೆಲ ನೋಡಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕುಮಟೆ ಸುಮಾರು 60 ಕಿಲೋಮೀಟರ್. ಅಮ್ಮಿನಳ್ಳಿ, ರಾಗಿಹೊಸಳ್ಳಿ, ಬಂಡಲ ದಾಟುವ ತನಕ ರಸ್ತೆ ಕಾಡಿನೊಳಗೆ ಏರಿಳಿಯುತ್ತ ಸಾಗುತ್ತದೆ. ನಿಜವಾದ ಇಳಿತ ಶುರುವಾಗುವುದು ದೇವಿಮನೆಯಲ್ಲಿ. ಕೆಳಗೆ ಕತಗಾಲ ಮುಟ್ಟಿದರೆ ಘಟ್ಟ ಮುಗಿದಂತೆ, ಆಮೇಲೆ ಅಘನಾಶಿನಿ ಹೊಳೆಯ ಬಯಲು. ಘಟ್ಟದ ಸಾಲಿನಲ್ಲಿ ಹೀಗೆ ಇಳಿಯಲು ಸಿಗುವ ಜಾಗಗಳು ಬೆರಳೆಣಿಕೆಯವು. ಉತ್ತರಕ್ಕೆ ಅರಬೈಲ್, ದಕ್ಷಿಣಕ್ಕೆ ಗೇರುಸೊಪ್ಪೆ, ನಡುವೆ ದೇವಿಮನೆ. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಕೊಡುಕೊಳ್ಳುವಿಕೆ ನಡೆದದ್ದೆಲ್ಲ ಇಂಥ ಕೆಲವೇ ಕಿಂಡಿಗಳಲ್ಲಿ.

ಆ ವ್ಯವಹಾರ ಹತ್ತಿಗಿಂತ ಬಹಳ ಹಳೆಯದು. ಮೊದಲ ಸರಕು ಕಾಳುಮೆಣಸು. ಹದಿನಾರನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂದದ್ದು ನಿಮಗೂ ಗೊತ್ತಿರುತ್ತದೆ. ಆಗ ಇಲ್ಲಿನ ದೊಡ್ಡ ಬಂದರು ಕುಮಟೆ ಅಲ್ಲ, ಅಘನಾಶಿನಿ ಮೇಲಿನ ಮಿರ್ಜಾನ. ಇವತ್ತು ಹೆದ್ದಾರಿ ಪಕ್ಕದಲ್ಲೇ ಕೋಟೆ ಇದೆಯಲ್ಲ, ಅದೇ ಊರು. ಎರಡನೇ ಸರಕು ಉಪ್ಪು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನಾಗರ ಈಗಲೂ ಇದೆ. ಆ ಉಪ್ಪು ದೋಣಿಯಲ್ಲಿ ನದಿ ಏರಿ ಉಪ್ಪಿನಪಟ್ಟಣದ ತನಕ ಬಂದರೆ, ಅಲ್ಲಿಂದ ಮೇಲಕ್ಕೆ ಎತ್ತಿನ ಬೆನ್ನ ಮೇಲೆ. ಲಂಬಾಣಿಗರ ಹೇರೆತ್ತಿನ ಹಿಂಡುಗಳು ಮೇಲಿಂದ ಅಕ್ಕಿ, ಬೆಲ್ಲ, ಮೆಣಸು ತಂದು ಕೆಳಗಿಂದ ಉಪ್ಪು, ಕೊಬ್ಬರಿ, ಒಣಮೀನು ಒಯ್ಯುತ್ತಿದ್ದವು. ಗಾಡಿ ಹೋಗುವ ರಸ್ತೆ ಇಲ್ಲದ ಕಾಲದಲ್ಲಿ ಘಟ್ಟ ಹತ್ತಲು ಹೇರೆತ್ತಿಗಿಂತ ಒಳ್ಳೆಯ ಸಾಧನ ಬೇರೆ ಇರಲಿಲ್ಲ.

ಕುಮಟೆ ಆಗ ಹೇಗಿತ್ತು ಅನ್ನೋದಕ್ಕೆ ಒಂದು ಚಿಕ್ಕ ಚಿತ್ರ ಸಿಗುತ್ತದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕನನ್ ಅನ್ನುವ ವೈದ್ಯನನ್ನು ಹೊಸ ಸೀಮೆ ನೋಡಿ ಬರಲು ಕಳಿಸಿತ್ತು. ಅವನು 1801ರಲ್ಲಿ ಈ ಕರಾವಳಿಯಲ್ಲಿ ಹಾದುಹೋದ. ಕುಮಟೆಯ ಓಣಿಗಳು ನೇರವಾಗಿವೆ, ಎರಡೂ ಬದಿಗೆ ಕಲ್ಲಿನ ಗೋಡೆ ಇದೆ, ತೆಂಗಿನ ತೋಟಗಳು ಜಾಸ್ತಿ, ಹಿಂದೊಮ್ಮೆ ಹೆಸರಿದ್ದ ಊರಿನಂತೆ ಕಾಣುತ್ತದೆ ಅಂತ ಬರೆದ. ಟಿಪ್ಪುವಿನ ಸೈನ್ಯ ಎರಡು ಸಲ ಹತ್ತಿರ ಬೀಡುಬಿಟ್ಟಿದ್ದಾಗ ಎರಡೂ ಸಲ ಊರು ಸುಟ್ಟುಹೋಯಿತು ಅಂತಲೂ ಬರೆದ. ಅಂದ್ರೆ ಹತ್ತೊಂಬತ್ತನೇ ಶತಮಾನ ಶುರುವಾದಾಗ ಕುಮಟೆ ಪೆಟ್ಟು ತಿಂದು ಚೇತರಿಸಿಕೊಳ್ಳುತ್ತಿದ್ದ ಊರು. ಮುಂದಿನ ಆರೇಳು ದಶಕಗಳಲ್ಲಿ ಅದನ್ನು ಎತ್ತಿ ನಿಲ್ಲಿಸಿದ್ದು ಹತ್ತಿ.

ಈ ಹತ್ತಿಯ ಪ್ರಯಾಣವನ್ನು ಹತ್ತಿರದಿಂದ ನೋಡಿದರೆ ಇಡೀ ಕತೆ ಅರ್ಥವಾಗುತ್ತದೆ. ಧಾರವಾಡ ಸೀಮೆಯ ಎರೆ ಹೊಲದಲ್ಲಿ ನಾಟಿ ಹತ್ತಿ ಬಿತ್ತುವುದು ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ. ಬಿಡಿಸುವುದು ಫೆಬ್ರವರಿಯಿಂದ ಏಪ್ರಿಲ್ ತನಕ. ಬಿಡಿಸಿದ ಮೇಲೆ ಬೀಜ ಬೇರೆ ಮಾಡಬೇಕು, ಅರಳೆಯನ್ನು ಅಂಡಿಗೆ ಕಟ್ಟಬೇಕು, ವ್ಯಾಪಾರ ಕುದುರಬೇಕು, ಗಾಡಿ ಗೊತ್ತುಮಾಡಬೇಕು. ಹುಬ್ಬಳ್ಳಿಯಿಂದ ಶಿರಸಿ ಮೇಲೆ ಕುಮಟೆಗೆ ಹತ್ತಿರ ಹತ್ತಿರ 160 ಕಿಲೋಮೀಟರ್. ಹೇರು ತುಂಬಿದ ಎತ್ತಿನ ಗಾಡಿ ದಿನಕ್ಕೆ 20–25 ಕಿಲೋಮೀಟರ್ ಹೋದರೆ ಹೆಚ್ಚು. ಅಂದ್ರೆ ಎಲ್ಲ ಸರಿಯಿದ್ದರೂ ವಾರದ ಪ್ರಯಾಣ. ಘಟ್ಟ ಇಳಿಯುವಾಗ ಗಾಡಿ ಎತ್ತಿನ ಮೈಮೇಲೆ ನುಗ್ಗದಂತೆ ಗಾಲಿ ತಡೆತಡೆದು ಇಳಿಸಬೇಕು, ಒಂದು ಗಾಡಿ ಕೆಟ್ಟರೆ ಹಿಂದಿನ ಸಾಲು ಪೂರ್ತಿ ನಿಲ್ಲಬೇಕು.

ಅತ್ತ ಸಮುದ್ರ ಕಾಯುವುದಿಲ್ಲ. ಜೂನ್ ಮೊದಲ ವಾರಕ್ಕೆ ಮಳೆಗಾಲ ಬಂದೇ ಬಿಡುತ್ತದೆ. ಆಮೇಲೆ ಹಾಯಿ ಹಡಗು ಕಡಲಿಗಿಳಿಯುವಂತಿಲ್ಲ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಅರ್ಪಿಸಿದ ಮೇಲೆಯೇ ಮತ್ತೆ ಓಡಾಟ. ಹಾಗಾಗಿ ವರ್ಷದ ಬೆಳೆ ಪೂರ್ತಿ ಎರಡು ಮೂರು ತಿಂಗಳ ಒಳಗೆ ಘಟ್ಟ ಇಳಿದು ಹಡಗು ಹತ್ತಬೇಕು. ತಡವಾದ ಹತ್ತಿ ಒಂದೋ ಹುಬ್ಬಳ್ಳಿಯಲ್ಲೇ ಕೂರುತ್ತದೆ, ಇಲ್ಲ ಕುಮಟೆಯ ಗೋದಾಮಿನಲ್ಲಿ ಮಳೆಗಾಲ ಕಳೆಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಹತ್ತಿ ಇಟ್ಟರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ, ಬಟ್ಟೆಯೇ ಒಣಗದ ಊರು. ತೇವ ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ಬೆಲೆ ಇಳಿಯುತ್ತದೆ, ಸಾಲದ ಬಡ್ಡಿ ಮಾತ್ರ ಏರುತ್ತಲೇ ಇರುತ್ತದೆ.

ಕುಮಟೆಯಲ್ಲಿ ದೊಡ್ಡ ಹಡಗು ದಡಕ್ಕೆ ಬರುವ ವ್ಯವಸ್ಥೆ ಇರಲಿಲ್ಲ. ಹಳ್ಳದ ಬಾಯಿ ಆಳವಿಲ್ಲದ್ದು, ಹೊರಗೆ ತೆರೆದ ಕಡಲು. ಕರಾವಳಿ ಹಿಡಿದು ಓಡುವ ಪತ್ತೆಮಾರಿ ಅನ್ನುವ ಹಾಯಿ ಹಡಗುಗಳೇ ಇಲ್ಲಿನ ಹಡಗು. ಅವು ಮುಂಬೈಗೆ ಒಯ್ಯುತ್ತಿದ್ದವು. ಮುಂಬೈಯಲ್ಲಿ ಹತ್ತಿಯನ್ನು ಮತ್ತೆ ಬಿಚ್ಚಿ, ಯಂತ್ರದಲ್ಲಿ ಬಿಗಿಯಾಗಿ ಒತ್ತಿ, ಇಂಗ್ಲೆಂಡಿನ ಹಡಗಿಗೆ ಹಾಕುತ್ತಿದ್ದರು. ಗದಗದ ರೈತನ ಹೊಲದಿಂದ ಲಿವರ್‌ಪೂಲಿನ ತನಕ ಎಷ್ಟು ಕೈ ದಾಟಬೇಕಿತ್ತು ನೋಡಿ. ಪ್ರತಿ ಕೈಯಲ್ಲೂ ಒಂದಿಷ್ಟು ಸೋರಿಕೆ, ಒಂದಿಷ್ಟು ದಲ್ಲಾಳಿ. ಕುಮಟೆಯಲ್ಲಿ ಗೋದಾಮು, ಅಂಗಡಿ, ಗಾಡಿ ನಿಲ್ಲುವ ಬಯಲು, ಮುಂಬೈ ವ್ಯಾಪಾರಿಗಳ ಏಜೆಂಟರು, ಹಮಾಲರು ಎಲ್ಲ ಹುಟ್ಟಿಕೊಂಡದ್ದು ಈ ಕೈ ಬದಲಾಗುವ ಜಾಗದಲ್ಲಿ. ಇಳಿದ ಗಾಡಿಗಳು ಬರಿದಾಗಿ ಘಟ್ಟ ಹತ್ತುತ್ತಿರಲಿಲ್ಲ. ಉಪ್ಪು, ತೆಂಗಿನಕಾಯಿ, ಮುಂಬೈಯಿಂದ ಬಂದ ಬಟ್ಟೆ, ಲೋಹದ ಸಾಮಾನು ಹೇರಿಕೊಂಡು ಹೋಗುತ್ತಿದ್ದವು. ಶಿರಸಿ ಪೇಟೆ ಬೆಳೆಯಲು ಈ ಎರಡೂ ಕಡೆಯ ಹೇರು ಒಂದು ದೊಡ್ಡ ಕಾರಣ.

ಇಷ್ಟು ವ್ಯಾಪಾರ ಇದ್ದರೂ ರಸ್ತೆ ಯಾಕೆ ಸರಿಯಾಗಲಿಲ್ಲ? ಇಲ್ಲಿದೆ ನೋಡಿ, ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಮುಖ್ಯ ಅನ್ನಿಸುವ ವಿಷಯ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ, ಅಂದ್ರೆ ಈಗಿನ ಉತ್ತರ ಮತ್ತು ದಕ್ಷಿಣ ಕನ್ನಡದ ಸೀಮೆ, ಕಂಪನಿಗೆ ಬಂತು, ಅದನ್ನು ಮದ್ರಾಸ್ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡ ಸೀಮೆ ಪೇಶ್ವೆಯವರ ಕೈಯಲ್ಲಿತ್ತು. ಅದು ಕಂಪನಿಗೆ ಸಿಕ್ಕಿದ್ದು 1818ರ ಹೊತ್ತಿಗೆ, ಮುಂದೆ ಮುಂಬೈ ಪ್ರಾಂತ್ಯದ ಪಾಲಾಯಿತು. ಅಂದ್ರೆ ಹತ್ತಿ ಬೆಳೆಯುವ ಹೊಲ ಮುಂಬೈ ಸರ್ಕಾರದ್ದು, ಅದು ಇಳಿಯುವ ಘಟ್ಟ ಮತ್ತು ಬಂದರು ಮದ್ರಾಸ್ ಸರ್ಕಾರದ್ದು. ಮದ್ರಾಸಿನಲ್ಲಿ ಕೂತ ಅಧಿಕಾರಿಗೆ ಕುಮಟೆ ತನ್ನ ರಾಜ್ಯದ ತುತ್ತತುದಿಯ ಒಂದು ಪೇಟೆ. ಇನ್ನೊಬ್ಬರ ಹತ್ತಿ ಇನ್ನೊಬ್ಬರ ಮುಂಬೈಗೆ ಹೋಗಲಿ ಅಂತ ಅವನು ಯಾಕೆ ಘಟ್ಟ ಕಡಿಸಲು ದುಡ್ಡು ಸುರಿಯಬೇಕು? ಇವತ್ತೂ ಎರಡು ಜಿಲ್ಲೆಯ ಗಡಿಯಲ್ಲಿ ರಸ್ತೆ ಹೇಗಿರುತ್ತದೆ ಅಂತ ನೋಡಿದ್ದೀರಲ್ಲ, ಹಾಗೆಯೇ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಈ ದಾರಿ ಎರಡು ಸರ್ಕಾರಗಳ ನಡುವೆ ಸಿಕ್ಕಿಕೊಂಡಿತ್ತು.

ಈ ಗಂಟು ಬಿಚ್ಚಿದ್ದು ಇಲ್ಲಿನವರ ಅರ್ಜಿಯಿಂದಲ್ಲ, ಇಂಗ್ಲೆಂಡಿನ ಲ್ಯಾಂಕಶೈರಿನ ಬಟ್ಟೆ ಗಿರಣಿಗಳ ಒತ್ತಾಯದಿಂದ. ಅಲ್ಲಿನ ಗಿರಣಿಗಳು ನಡೆಯುತ್ತಿದ್ದದ್ದು ಬಹುಪಾಲು ಅಮೆರಿಕದ ಹತ್ತಿಯಿಂದ. ಅದೊಂದನ್ನೇ ನಂಬಬಾರದು ಅಂತ ಗಿರಣಿ ಮಾಲೀಕರು ಮೊದಲಿಂದಲೂ ಒತ್ತಾಯ ಮಾಡುತ್ತಿದ್ದರು. 1840ರ ದಶಕದಲ್ಲೇ ಧಾರವಾಡದಲ್ಲಿ ಅಮೆರಿಕದ ಬೀಜ ಬಿತ್ತಿಸುವ ಪ್ರಯತ್ನ ನಡೆದಿತ್ತು. ದೇಶದ ಬೇರೆ ಎಷ್ಟೋ ಕಡೆ ಸೋತ ಆ ಪ್ರಯತ್ನ ಧಾರವಾಡದ ನೆಲದಲ್ಲಿ ಗೆದ್ದಿತು. ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ ಯಂತ್ರಗಳನ್ನು ತಯಾರಿಸುವ, ರಿಪೇರಿ ಮಾಡುವ ಸರ್ಕಾರಿ ಕಾರ್ಖಾನೆಯೂ ಅಲ್ಲಿ ಬಂತು. ಆಮೇಲೆ 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು, ಲ್ಯಾಂಕಶೈರಿನ ಗಿರಣಿಗಳು ಹತ್ತಿ ಇಲ್ಲದೆ ಮುಚ್ಚತೊಡಗಿದವು. ಧಾರವಾಡದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು.

ಹತ್ತಿಯ ಹೊಲ, ಘಟ್ಟ, ಬಂದರು ಒಂದೇ ಸರ್ಕಾರದ ಕೆಳಗೆ ಬರಲಿ ಅಂತ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬೈಗೆ ಸೇರಿಸಿದರು. ಕುಂದಾಪುರ ಮಾತ್ರ ದಕ್ಷಿಣ ಕನ್ನಡದ ಜೊತೆ ಮದ್ರಾಸಿನಲ್ಲೇ ಉಳಿಯಿತು. ಕನ್ನಡ ಕರಾವಳಿ ಎರಡು ಪ್ರಾಂತ್ಯಗಳಾಗಿ ಒಡೆದದ್ದು ಹೀಗೆ, ಮತ್ತೆ ಒಂದೇ ರಾಜ್ಯದೊಳಗೆ ಬಂದದ್ದು 1956ರಲ್ಲಿ. ಉತ್ತರ ಕನ್ನಡದವರು ಮುಂಬೈ ಕಡೆ, ದಕ್ಷಿಣದವರು ಮದ್ರಾಸ್ ಕಡೆ ಮುಖಮಾಡಿ ತೊಂಬತ್ತಕ್ಕೂ ಹೆಚ್ಚು ವರ್ಷ ಬದುಕಿದರು. ಅದರ ಹಿಂದೆ ಹತ್ತಿಯ ಗಾಡಿ ಸಾಲಿದೆ ಅನ್ನೋದನ್ನು ನಮ್ಮ ಶಾಲೆಗಳಲ್ಲಿ ಯಾರೂ ಹೇಳುವುದಿಲ್ಲ. ಹೇಳಬೇಕು ಅಂತ ನನ್ನ ಅಭಿಪ್ರಾಯ.

ಬೆಲೆ ಏರಿದಾಗ ಆಗುವ ಕೆಟ್ಟದ್ದೂ ಆಯಿತು. ನಾಟಿ ಹತ್ತಿಯನ್ನು ಅಮೆರಿಕದ ತಳಿಯ ಹತ್ತಿಗೆ ಬೆರೆಸುವುದು, ತೂಕಕ್ಕೆ ಬೀಜ, ಕಸ, ನೀರು ಸೇರಿಸುವುದು ಜೋರಾಯಿತು. ಇದನ್ನು ತಡೆಯಲು ಮುಂಬೈ ಸರ್ಕಾರ 1863ರಲ್ಲಿ ಹತ್ತಿ ಕಲಬೆರಕೆ ವಿರುದ್ಧವೇ ಒಂದು ಕಾನೂನು ಮಾಡಿ ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. 1865ರಲ್ಲಿ ಅಮೆರಿಕದ ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿಯಿತು. ಮುಂಬೈಯಲ್ಲಿ ಎಷ್ಟೋ ಮನೆತನಗಳು ದಿವಾಳಿಯಾದವು.

ಈಗ ಕುಮಟೆಗೆ ಬಿದ್ದ ಮೊದಲ ಪೆಟ್ಟಿಗೆ ಬರೋಣ. ಮುಂಬೈಗೆ ಸೇರಿದ್ದರಿಂದ ಕುಮಟೆಗೆ ಒಳ್ಳೆಯದಾಗಬೇಕಿತ್ತು, ಅಲ್ವಾ? ಆದರೆ ಸರ್ಕಾರದ ಕಣ್ಣು ಬಿದ್ದದ್ದು ಕಾರವಾರದ ಮೇಲೆ. ಅಲ್ಲಿನ ಕೊಲ್ಲಿ ಆಳ, ಗುಡ್ಡ–ದ್ವೀಪಗಳ ಮರೆ ಇದೆ, ದೊಡ್ಡ ಹಡಗು ನಿಲ್ಲಬಹುದು. ಮುಂಬೈ ಮುಟ್ಟದೆ ಸೀದಾ ಇಂಗ್ಲೆಂಡಿಗೆ ಹತ್ತಿ ಕಳಿಸಬಹುದು ಅನ್ನುವ ಆಸೆ ಲ್ಯಾಂಕಶೈರಿನವರಿಗೆ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಅಂತ ಒಂದು ಕಂಪನಿ ಕಟ್ಟಿ, ಹತ್ತಿ ಒತ್ತುವ ಯಂತ್ರಗಳನ್ನು ಹಡಗಿಗೆ ಹಾಕಿ ಕಾರವಾರದ ಪಕ್ಕದ ಸದಾಶಿವಗಡಕ್ಕೆ ಕಳಿಸಿಯೂ ಬಿಟ್ಟರು. ಯಂತ್ರ ಬಂತು, ಧಾರವಾಡದಿಂದ ಅಲ್ಲಿಗೆ ಬರಬೇಕಾದ ರಸ್ತೆ ಮುಗಿದಿರಲಿಲ್ಲ. ಕೆಲವೇ ವರ್ಷದಲ್ಲಿ ಕಂಪನಿ ಬಾಗಿಲು ಹಾಕಿತು. ಆದರೂ ಸರ್ಕಾರ ಕಾರವಾರವನ್ನು ಬಿಡಲಿಲ್ಲ. ಜಿಲ್ಲೆಯ ಮುಖ್ಯ ಊರು ಅದೇ ಆಯಿತು, ಯಲ್ಲಾಪುರ–ಅರಬೈಲ್ ದಾರಿಗೆ ಹಣ ಹೋಯಿತು. ಇವತ್ತಿನ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ, ಈಗಿನ ಲೆಕ್ಕದಲ್ಲಿ 52, ಅದೇ ದಾರಿಯ ಮೇಲೆ ಬೆಳೆದದ್ದು.

ಕುಮಟೆ ಅಷ್ಟಕ್ಕೇ ಸೋಲಲಿಲ್ಲ ಅನ್ನೋದನ್ನು ಗಮನಿಸಿ. ಸರ್ಕಾರ ಕಾರವಾರ ಅಂದರೂ ವ್ಯಾಪಾರಿಗಳು ಸುಮಾರು ವರ್ಷ ಕುಮಟೆಯನ್ನೇ ಹಿಡಿದುಕೊಂಡರು. ಗೋದಾಮು ಅಲ್ಲಿ, ಏಜೆಂಟರು ಅಲ್ಲಿ, ಸಾಲ ಕೊಡುವವರು ಅಲ್ಲಿ, ಪತ್ತೆಮಾರಿಯವರ ಗುರುತು ಪರಿಚಯ ಅಲ್ಲಿ. ಒಂದು ಪೇಟೆಯನ್ನು ಆದೇಶ ಹೊರಡಿಸಿ ಎತ್ತಿ ಬೇರೆ ಕಡೆ ಇಡಲು ಆಗುವುದಿಲ್ಲ.

ಆದರೆ ರೈಲಿಗೆ ಆ ಶಕ್ತಿ ಇತ್ತು. 1876–78ರ ಭೀಕರ ಬರ ಧಾರವಾಡ, ಬಿಜಾಪುರ, ಬಳ್ಳಾರಿ ಕಡೆ ಎಷ್ಟು ಜನರನ್ನು, ಎಷ್ಟು ದನಗಳನ್ನು ಕೊಂದಿತು ಅನ್ನೋದನ್ನು ಓದಿದರೆ ಈಗಲೂ ಮೈ ನಡುಗುತ್ತದೆ. ಬರದಲ್ಲಿ ಎತ್ತಿಗೇ ಮೇವಿಲ್ಲ. ಎತ್ತು ಇಲ್ಲದಿದ್ದರೆ ಗಾಡಿ ರಸ್ತೆ ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ? ಕಾಳು ಬೇಕಾದಲ್ಲಿಗೆ ಕಾಳು ಮುಟ್ಟುವುದಿಲ್ಲ. ಬರದ ಸೀಮೆಗೆ ರೈಲು ಬೇಕೇ ಬೇಕು ಅನ್ನುವ ಮಾತಿಗೆ ಇದರಿಂದ ಬಲ ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ಗದಗ, ಹುಬ್ಬಳ್ಳಿ, ಧಾರವಾಡಕ್ಕೆ ಹಳಿ ಬಂತು.

ಹುಬ್ಬಳ್ಳಿಯಿಂದ ಸಮುದ್ರಕ್ಕೆ ರೈಲು ಎಲ್ಲಿ ಇಳಿಯಬೇಕು ಅನ್ನೋದೇ ಆಗಿನ ದೊಡ್ಡ ಪ್ರಶ್ನೆ. ಕಾರವಾರಕ್ಕೆ ಇಳಿಸಬೇಕು ಅನ್ನುವ ಯೋಜನೆ ಬಹಳ ವರ್ಷದಿಂದ ಇತ್ತು. ಆದರೆ 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದ ಆಗಿ, ದಾರಿ ಗೋವೆಯ ಮರ್ಮಗೋವಾ ಕಡೆ ತಿರುಗಿತು. ಮರ್ಮಗೋವಾದಿಂದ ಕ್ಯಾಸಲ್‌ರಾಕ್ ತನಕ ಘಟ್ಟ ಹತ್ತುವ ಆ ಲೈನು 1888ರಲ್ಲಿ ತೆರೆಯಿತು, ಮೇಲೆ ಲೋಂಡಾದಲ್ಲಿ ಧಾರವಾಡ–ಹುಬ್ಬಳ್ಳಿ ಹಳಿಗೆ ಕೂಡಿಕೊಂಡಿತು. ಬೆಳಗಾವಿ, ಮಿರಜ್, ಪುಣೆ ಮೇಲೆ ಮುಂಬೈಗೂ ಹಳಿ ಜೋಡಣೆಯಾಯಿತು.

ಈಗ ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯ ಜಾಗದಲ್ಲಿ ಕೂತು ಯೋಚನೆ ಮಾಡಿ. ಒಂದು ಕಡೆ ವಾರದ ಗಾಡಿ ಪ್ರಯಾಣ, ಘಟ್ಟ, ಹಡಗಿಗೆ ಕಾಯುವುದು, ಜೂನ್ ಬಂದರೆ ಎಲ್ಲ ಬಂದ್. ಇನ್ನೊಂದು ಕಡೆ ಮಳೆಗಾಲದಲ್ಲೂ ಓಡುವ ರೈಲು. ಇದರಲ್ಲಿ ಯೋಚನೆ ಮಾಡುವುದಕ್ಕೇನೂ ಇರಲಿಲ್ಲ. ಹತ್ತಿ ಕುಮಟೆಯನ್ನು ಬಿಟ್ಟಿತು. ಕಾರವಾರವನ್ನೂ ಬಿಟ್ಟಿತು, ಅಷ್ಟು ಖರ್ಚು ಮಾಡಿ ಬೆಳೆಸಿದ ಬಂದರು ಹೆಚ್ಚು ದಿನ ನಡೆಯಲೇ ಇಲ್ಲ. ಲಾಭ ಆದದ್ದು ಹುಬ್ಬಳ್ಳಿಗೆ. ರೈಲಿನ ಕೂಡುದಾರಿ, ರೈಲ್ವೆ ವರ್ಕ್‌ಶಾಪು, ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳು ಎಲ್ಲ ಅಲ್ಲಿಗೇ ಬಂದವು. ಹಿಂದೆ ಬಂದರಿನಲ್ಲಿ ಆಗುತ್ತಿದ್ದ ಎಷ್ಟೋ ಕೆಲಸ ಘಟ್ಟದ ಮೇಲೆಯೇ ಮುಗಿಯತೊಡಗಿತು.

ಹಾಗಂತ ಕುಮಟೆ ಪಾಳುಬೀಳಲಿಲ್ಲ. ಊರು ಇನ್ನೊಂದು ಅಳತೆಗೆ ಬಂತು, ಅಷ್ಟೇ. ಗುಡಿಗಾರರ ಗಂಧದ ಕೆತ್ತನೆಗೆ ಹೆಸರಿತ್ತು, ಅದು ಉಳಿಯಿತು. ಅಡಿಕೆ ಮುಖ್ಯ ಸರಕಾಯಿತು. ಇವತ್ತು ಪೇಪರಿನಲ್ಲಿ ಅಡಿಕೆ ಧಾರಣೆ ನೋಡಿ, ಶಿರಸಿ, ಯಲ್ಲಾಪುರ, ಸಿದ್ದಾಪುರದ ಜೊತೆ ಕುಮಟಾ ಅಂತ ಬೇರೆ ಸಾಲು ಇರುತ್ತದೆ, ಹೊಸ ಚಾಲಿ, ಹಳೆ ಚಾಲಿ, ಕೋಕಾ, ಚಿಪ್ಪು ಅಂತ ಅಡಿಕೆಯ ಒಂದೊಂದು ದರ್ಜೆಗೂ ದರ ಇರುತ್ತದೆ. ಬಂದರು ಹೋಗಿ ನೂರಕ್ಕೂ ಹೆಚ್ಚು ವರ್ಷ ಆದರೂ ಪೇಟೆಯ ಗುಣ ಹೋಗಿಲ್ಲ. ಆದರೆ ದೊಡ್ಡ ಅಡಿಕೆ ವ್ಯಾಪಾರ ಶಿರಸಿಯಲ್ಲೇ ಬೇರೂರಿತು. 1923ರಲ್ಲಿ ತೋಟಗಾರರು ಸೇರಿ ಟಿಎಸ್‌ಎಸ್ ಅನ್ನುವ ತಮ್ಮದೇ ಮಾರಾಟ ಸಹಕಾರಿ ಸಂಘ ಕಟ್ಟಿಕೊಂಡ ಮೇಲೆ ಬೆಳೆಗಾರ ಘಟ್ಟ ಇಳಿದು ದಲ್ಲಾಳಿ ಮುಂದೆ ನಿಲ್ಲುವ ಅಗತ್ಯ ಕಡಿಮೆಯಾಯಿತು.

ಇನ್ನೊಂದು ಬದಲಾವಣೆ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಹಳೆ ಕುಮಟೆಯ ಬದುಕು ಪೂರ್ವ–ಪಶ್ಚಿಮವಾಗಿತ್ತು, ಘಟ್ಟದಿಂದ ಕಡಲಿಗೆ. ಈಗಿನ ಕುಮಟೆಯದ್ದು ಉತ್ತರ–ದಕ್ಷಿಣ. ಹಿಂದೆ 17 ಅಂತಿದ್ದ, ಈಗ 66 ಆಗಿರುವ ಕರಾವಳಿ ಹೆದ್ದಾರಿ ಊರಿನ ನಡುವೆ ಹೋಗುತ್ತದೆ. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲ್ವೆಯೂ ಅದೇ ದಿಕ್ಕು. ಮಂಗಳೂರು, ಮಡಗಾಂವ್, ಮುಂಬೈ ಹತ್ತಿರವಾದವು, ಹುಬ್ಬಳ್ಳಿ ಇದ್ದಲ್ಲೇ ಇತ್ತು. ಬೇಸಿಗೆಯಲ್ಲಿ ಹಂದಿಗೋಣ, ಅಳ್ವೆಕೋಡಿ ಕಡೆ ಹೆದ್ದಾರಿ ಬದಿಗೆ ಕುಮಟೆಯ ಸಿಹಿ ಈರುಳ್ಳಿಯನ್ನು ಜಡೆ ಹೆಣೆದಂತೆ ಹೆಣೆದು, ಸಾಲಾಗಿ ತೂಗುಹಾಕಿ ಮಾರುತ್ತಾರಲ್ಲ, ಅದನ್ನು ಕೊಳ್ಳಲು ಕಾರು ನಿಲ್ಲಿಸುವವರಲ್ಲಿ ಬಹಳಷ್ಟು ಜನ ಇದೇ ಉತ್ತರ–ದಕ್ಷಿಣ ಪ್ರಯಾಣಿಕರು. ರೈತರು ತಮ್ಮ ಪೇಟೆಯನ್ನು ಆ ರಸ್ತೆಯ ಅಂಚಿಗೇ ತಂದುಕೊಂಡಿದ್ದಾರೆ.

ಕರಾವಳಿಗೂ ಹುಬ್ಬಳ್ಳಿಗೂ ರೈಲು ಜೋಡಿಸುವ ಹಳೆಯ ಆಸೆ ಸತ್ತಿಲ್ಲ. ಹುಬ್ಬಳ್ಳಿ–ಅಂಕೋಲಾ ಲೈನು 1990ರ ದಶಕದ ಕೊನೆಯಲ್ಲಿ ಮಂಜೂರಾಯಿತು, ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿತು, ವರ್ಷಗಟ್ಟಲೆ ಕೋರ್ಟು ಕಚೇರಿ ಸುತ್ತಿತು. ಆ ವಾದವಿವಾದವೇ ಬೇರೆ ಒಂದು ಉತ್ತರ ಬೇಡುತ್ತದೆ, ಇಲ್ಲಿಗೆ ಬೇಡ.

ನಿಮ್ಮ ಮೂರನೇ ಪ್ರಶ್ನೆ, ರಸ್ತೆ ದೊಡ್ಡದಾದರೆ ಆ ದಿನಗಳು ಬರುತ್ತವೆಯೇ. ಶಿರಸಿ–ಕುಮಟಾ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 766ಇ. ಅಗಲೀಕರಣ ನಡೆಯುತ್ತಿರುವುದು ಬಂದರುಗಳನ್ನು ಬೆಳೆಸುವ ಕೇಂದ್ರ ಸರ್ಕಾರದ ಸಾಗರಮಾಲಾ ಯೋಜನೆಯ ಹೆಸರಿನಲ್ಲಿ. ಕಾಗದದಲ್ಲಿ ಇದು ಅಂಕೋಲಾ ಹತ್ತಿರದ ಬೇಲೆಕೇರಿ ಬಂದರನ್ನು ಒಳನಾಡಿಗೆ ಜೋಡಿಸುವ ರಸ್ತೆ. ಆದರೆ ಬೇಲೆಕೇರಿಗೆ ಭಾರಿ ಸರಕು ಬಂದ ಕಾಲವನ್ನು ನಾವು ಕಂಡಿದ್ದೇವೆ. 2000ದ ದಶಕದಲ್ಲಿ ಬಳ್ಳಾರಿ–ಹೊಸಪೇಟೆಯ ಅದಿರು ಲಾರಿಗಳು ಸಾಲುಸಾಲಾಗಿ ಬಂದದ್ದು ಹುಬ್ಬಳ್ಳಿ–ಯಲ್ಲಾಪುರ–ಅರಬೈಲ್ ದಾರಿಯಲ್ಲಿ. ದೇವಿಮನೆಯಲ್ಲಿ ಅಲ್ಲ. ಆ ಅದಿರಿನಲ್ಲಿ ಎಷ್ಟು ಕಳ್ಳಮಾಲು ಇತ್ತು ಅನ್ನೋದು 2011ರ ಲೋಕಾಯುಕ್ತ ವರದಿಯಲ್ಲಿ ಹೊರಬಂತು. ಮುಂದೆ ಅಂಕೋಲಾ ಕಡೆ ಹೊಸ ಬಂದರು ಬಂದರೂ ಭಾರಿ ಸರಕು ಅದೇ 52ನ್ನು ಹಿಡಿಯುತ್ತದೆ, ಇಲ್ಲ ರೈಲಿಗೆ ಕಾಯುತ್ತದೆ. ಶಿರಸಿ ಸುತ್ತಿಕೊಂಡು ದೇವಿಮನೆ ಇಳಿಯುವುದಕ್ಕೆ ಅದಕ್ಕೆ ಕಾರಣವೇ ಇಲ್ಲ.

ಹಾಗಾದರೆ ರಸ್ತೆ ಬೇಡವೇ? ಖಂಡಿತ ಬೇಕು, ಆದರೆ ಬೇರೆ ಕಾರಣಕ್ಕೆ. ಕರಾವಳಿಯ ಮೀನು ಬೆಳಿಗ್ಗೆ ಶಿರಸಿ ಮಾರ್ಕೆಟ್ಟಿಗೆ ಬರುವುದು, ಹಾವೇರಿ ಕಡೆಯ ತರಕಾರಿ ಕೆಳಗಿಳಿಯುವುದು, ಮಕ್ಕಳು ಕಾಲೇಜಿಗೆ ಹೋಗುವುದು ಎಲ್ಲ ಇದೇ ದಾರಿಯಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ ಆಂಬುಲೆನ್ಸ್. ನಮ್ಮ ಜಿಲ್ಲೆಗೆ ಒಂದು ಸರಿಯಾದ ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ ನಿಮಗೇ ಗೊತ್ತು. ಅದು ಆಗುವ ತನಕ ಶಿರಸಿ–ಸಿದ್ದಾಪುರದ ರೋಗಿ ಒಂದೋ ಹುಬ್ಬಳ್ಳಿಗೆ ಹೋಗಬೇಕು, ಇಲ್ಲ ಘಟ್ಟ ಇಳಿದು ಮಣಿಪಾಲ, ಮಂಗಳೂರಿಗೆ. ಬಂದರಿನ ಹೆಸರು ಹೇಳಿ ಮಂಜೂರು ಮಾಡಿಸಿದ ರಸ್ತೆಯ ನಿಜವಾದ ಕೆಲಸ ಇದು.

ಅದಕ್ಕೇ ನನಗೆ ರಸ್ತೆಯ ಅಗಲಕ್ಕಿಂತ ಅದು ಮಳೆಗಾಲದಲ್ಲಿ ತೆರೆದಿರುತ್ತದೆಯೇ ಅನ್ನೋದರ ಚಿಂತೆ ಜಾಸ್ತಿ. ಜೋರು ಮಳೆ ಬಂದರೆ ಕತಗಾಲದ ಹತ್ತಿರ ಚಂಡಿಕಾ ಹೊಳೆ ಉಕ್ಕಿ ರಸ್ತೆ ಬಂದ್ ಆಗುವುದು ಇಲ್ಲಿ ಹೊಸದಲ್ಲ. ಗುಡ್ಡದ ಪರಿಸ್ಥಿತಿ ಅದಕ್ಕಿಂತ ಕಷ್ಟ. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಊರೇ ಜಾರಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ನಮ್ಮ ಘಟ್ಟದಲ್ಲಿ ಮೇಲೆ ಗಟ್ಟಿ ಕೆಂಪುಕಲ್ಲು ಕಂಡರೂ ಒಳಗೆ ಮೆತ್ತನೆಯ ಮಣ್ಣಿರುವ ಜಾಗಗಳು ಬಹಳ. ಬುಡ ನೆಟ್ಟಗೆ ಕಡಿದು, ಮೇಲಿಂದ ಇಳಿಯುವ ನೀರಿಗೆ ದಾರಿ ಬಿಡದಿದ್ದರೆ ಅದು ನಿಲ್ಲುವುದಿಲ್ಲ. ಹಳೆಯ ಗಾಡಿ ರಸ್ತೆ ಕಿರಿದಾಗಿತ್ತು, ಸುತ್ತು ಜಾಸ್ತಿಯಿತ್ತು, ಆದರೆ ಗುಡ್ಡವನ್ನು ಅಷ್ಟು ಆಳಕ್ಕೆ ಕಡಿದಿರಲಿಲ್ಲ. ಹೊಸ ರಸ್ತೆಯಲ್ಲಿ ಕಡಿದ ಪ್ರತಿ ಜಾಗಕ್ಕೂ ಮೇಲ್ಗಡೆ ಚರಂಡಿ, ಸಾಕಷ್ಟು ಮೋರಿ, ಇಳಿಜಾರಿಗೆ ತಕ್ಕ ಆಸರೆ ಗೋಡೆ ಇದೆಯೇ ಅಂತ ಊರಿನವರು ಈಗಲೇ ಕೇಳಬೇಕು. ಡಾಂಬರು ಬಿದ್ದ ಮೇಲೆ ಕೇಳಿ ಪ್ರಯೋಜನ ಕಡಿಮೆ.

ನೋಡಬೇಕು ಅನ್ನಿಸಿದರೆ ಒಂದು ದಿನ ಬಿಡುವು ಮಾಡಿಕೊಂಡು ಹೋಗಿ. ಮಳೆಗಾಲ ಮುಗಿದ ಮೇಲೆ ಒಳ್ಳೆಯದು. ದೇವಿಮನೆಯ ಗುಡಿ ಹತ್ತಿರ ಇಳಿದು ನಿಂತರೆ ಗಾಡಿಗಳು ಎಂಥ ಇಳಿಜಾರು ಇಳಿಯಬೇಕಿತ್ತು ಅಂತ ಕಣ್ಣಿಗೇ ಕಾಣುತ್ತದೆ. ಆಮೇಲೆ ಉಪ್ಪಿನಪಟ್ಟಣದಲ್ಲಿ ಹೊಳೆ ನೋಡಿ, ಮಿರ್ಜಾನ ಕೋಟೆ ನೋಡಿ, ಕೊನೆಗೆ ಕುಮಟೆಯ ಹೆಡ್‌ಬಂದರಿಗೆ ಹೋಗಿ. ದೊಡ್ಡ ಕಟ್ಟಡಗಳನ್ನು ಹುಡುಕಬೇಡಿ, ಸಿಗುವುದಿಲ್ಲ. ಹಳ್ಳದ ಬಾಯಿ, ಹೊರಗಿನ ತೆರೆದ ಕಡಲು, ನಿಲ್ಲಲು ಇರುವ ಸಣ್ಣ ಜಾಗ ನೋಡಿದರೆ ಸಾಕು. ದಾರಿಯಲ್ಲಿ ಎಲ್ಲಾದರೂ ಹಳೆಯ ಕಲ್ಲಿನ ಮೋರಿ, ಮೈಲುಗಲ್ಲು, ಕಟ್ಟೆ ಕಂಡರೆ ಜಾಗದ ಗುರುತು ಸಮೇತ ಫೋಟೋ ತೆಗೆದಿಟ್ಟುಕೊಳ್ಳಿ. ಅಗಲೀಕರಣದಲ್ಲಿ ಮೊದಲು ಹೋಗುವುದು ಅಂಥವೇ, ಅವುಗಳ ಪಟ್ಟಿ ಮಾಡಿಡುವ ಕೆಲಸ ಯಾರ ಟೆಂಡರಿನಲ್ಲೂ ಇರುವುದಿಲ್ಲ.